ಯುರೋಪಿನ ಸರ್ಕಾರಿ ಟೆಂಡರ್‌ಗಳಲ್ಲಿ ಕೆಲಸ: ಹೊಸದಾಗಿ ಜರ್ಮನಿಗೆ ಬಂದವರೊಬ್ಬರಿಗೆ ಉತ್ತರ

ನಮಸ್ಕಾರ. ತಮ್ಮ ಪತ್ರವನ್ನು ಪೂರ್ತಿ ಓದಿದೆ. ಶ್ರೀಮತಿಯವರಿಗೆ ಯೇನಾ ನಗರದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿದ್ದರಿಂದ ತಾವೂ ಜರ್ಮನಿಗೆ ಬಂದಿದ್ದೀರಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಹಾಗೂ ಪ್ರಯೋಗಾಲಯ ಉಪಕರಣಗಳ ಡೀಲರೊಬ್ಬರ ಬಳಿ ಸರ್ಕಾರಿ ಟೆಂಡರ್‌ಗಳನ್ನು ನೋಡಿಕೊಳ್ಳುತ್ತಿದ್ದ ತಾವು, ಆ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ, ಸ್ವಂತ ಕಂಪನಿ ತೆರೆದು ವಿಶ್ವವಿದ್ಯಾಲಯಗಳಿಗೆ ಪೂರೈಸಬಹುದೇ, ಪೀಣ್ಯದಲ್ಲಿರುವ ಸೋದರಮಾವನ ಮಗನ ಕಾರ್ಖಾನೆಯ ಎಲೆಕ್ಟ್ರಾನಿಕ್ ಸಾಮಾನನ್ನು ಇಲ್ಲಿ ಮಾರಬಹುದೇ ಎಂದು ಕೇಳಿದ್ದೀರಿ. ನಾನು ಬಹುಕಾಲದಿಂದ ಇಲ್ಲಿ ಟೆಂಡರ್ ಹಾಕುವವರ ಕಡೆಯಲ್ಲೇ ದುಡಿಯುತ್ತಿದ್ದೇನೆ. ನನ್ನ ಉತ್ತರವೇನೆಂದರೆ, ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಸ್ವಲ್ಪ ತಡೆಯಿರಿ, ಮೂರನೆಯದಕ್ಕೆ ಸದ್ಯಕ್ಕೆ ಬೇಡ.

ಸರ್ಕಾರಿ ಖರೀದಿಗೆ ಸಂಬಂಧಿಸಿದ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಡಿ ಕೆಲಸ ಮಾಡಿದವರಿಗೆ ಇಲ್ಲಿನ ವ್ಯವಸ್ಥೆಯ ಅಸ್ಥಿಪಂಜರ ಹೊಸದೇನಲ್ಲ. ಐರೋಪ್ಯ ಒಕ್ಕೂಟದ 2014/24 ಸಂಖ್ಯೆಯ ನಿರ್ದೇಶನವೇ ಮೂಲ. ಪ್ರತಿ ದೇಶವೂ ಅದನ್ನು ತನ್ನ ಕಾನೂನಿಗೆ ಇಳಿಸಿಕೊಂಡಿದೆ. 2026 ಮತ್ತು 2027ರ ಅವಧಿಗೆ, ತೆರಿಗೆ ಬಿಟ್ಟು, ಕೇಂದ್ರ ಸರ್ಕಾರದ ಇಲಾಖೆಗಳ ಖರೀದಿ 1,40,000 ಯೂರೋ ಮುಟ್ಟಿದರೆ, ವಿಶ್ವವಿದ್ಯಾಲಯ, ನಗರಸಭೆಗಳಂಥ ಸಂಸ್ಥೆಗಳದ್ದು 2,16,000 ಯೂರೋ ಮುಟ್ಟಿದರೆ, ಅದನ್ನು ಟೆಡ್ ಎಂಬ ಐರೋಪ್ಯ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಹುಡುಕಲು ದುಡ್ಡು ಕೊಡಬೇಕಾಗಿಲ್ಲ. ಪ್ರತಿ ಪ್ರಕಟಣೆಗೂ ಸಿಪಿವಿ ಎಂಬ ಸಂಕೇತ ಸಂಖ್ಯೆ ಇರುತ್ತದೆ. ಕಂಪ್ಯೂಟರ್ ಸಲಕರಣೆಗೆ 30200000, ಪ್ರಯೋಗಾಲಯದ ಮತ್ತು ದೃಗ್ವಿಜ್ಞಾನದ ಉಪಕರಣಗಳಿಗೆ 38000000. ಇವೆರಡನ್ನು ಹಾಕಿ ನಿತ್ಯ ಬೆಳಿಗ್ಗೆ ಒಂದಿಷ್ಟು ಪ್ರಕಟಣೆ ಓದುತ್ತಿದ್ದರೆ ಯಾರು ಏನು ಕೊಳ್ಳುತ್ತಾರೆ, ಯಾರು ಗೆಲ್ಲುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ, ಏಕೆಂದರೆ ಗೆದ್ದವರ ಹೆಸರನ್ನೂ ಅಲ್ಲೇ ಹಾಕುತ್ತಾರೆ.

ತಾವು ಬಿಡಬೇಕಾದ ಅಭ್ಯಾಸ ಎಲ್‌-1 ಲೆಕ್ಕಾಚಾರ, ಅಂದರೆ ಅತಿ ಕಡಿಮೆ ದರ ಕೇಳಿದವರಿಗೇ ಗುತ್ತಿಗೆ ಎಂಬ ಎಣಿಕೆ. ಕಡಿಮೆ ದರವೊಂದನ್ನೇ ನೋಡುವ ಟೆಂಡರ್‌ಗಳು ಇಲ್ಲಿಯೂ ಇವೆ, ವಿಶೇಷವಾಗಿ ಮಾನಿಟರ್, ಟೋನರ್‌ಗಳಲ್ಲಿ. ಆದರೆ ಬೆಲೆಬಾಳುವ ಉಪಕರಣಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಅಂಕ ಇಡುವುದೇ ಹೆಚ್ಚು, ಆ ಅಂಕಗಳ ಪಟ್ಟಿಯನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಜರ್ಮನಿಯ ಐಟಿ ಖರೀದಿಯಲ್ಲಿ ಪ್ರಚಲಿತವಾಗಿರುವ ಒಂದು ಸರಳ ಸೂತ್ರದ ಪ್ರಕಾರ ಪಡೆದ ಅಂಕವನ್ನು ದರದಿಂದ ಭಾಗಿಸುತ್ತಾರೆ. ಒಬ್ಬರು 800 ಅಂಕ ಪಡೆದು 1,00,000 ಯೂರೋ ಕೇಳಿದ್ದಾರೆ, ಇನ್ನೊಬ್ಬರು 900 ಅಂಕ ಪಡೆದು 1,10,000 ಯೂರೋ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಸಾವಿರ ಯೂರೋಗೆ ಮೊದಲನೆಯವರದು 8 ಅಂಕವಾದರೆ ಎರಡನೆಯವರದು 8.18. ಹತ್ತು ಸಾವಿರ ಹೆಚ್ಚು ಕೇಳಿದವರೇ ಗೆದ್ದರು. ಹೀಗಾಗಿ ಕೊನೆಯ ರಾತ್ರಿ ದರ ಇಳಿಸುತ್ತ ಕೂರುವುದಕ್ಕಿಂತ, ದುರಸ್ತಿಗೆ ಎಂಜಿನಿಯರ್ ಎಷ್ಟು ಗಂಟೆಯೊಳಗೆ ಬರುತ್ತಾನೆ, ವಿದ್ಯುತ್ ಎಷ್ಟು ಖರ್ಚಾಗುತ್ತದೆ, ತರಬೇತಿ ಯಾರು ಕೊಡುತ್ತಾರೆ ಎಂಬ ಅಂಕಣಗಳಲ್ಲಿ ಏನು ಬರೆಯಬಹುದೆಂದು ಯೋಚಿಸುವುದು ಲಾಭದಾಯಕ.

ಇನ್ನೂ ಮುಖ್ಯವಾದದ್ದು, ಟೆಂಡರ್ ಹಾಕುವ ಮೊದಲು ಖರೀದಿಸುವ ಸಂಸ್ಥೆಗೆ ಪ್ರಶ್ನೆ ಕೇಳುವ ಅವಧಿ. ನನ್ನ ಅಭಿಪ್ರಾಯದಲ್ಲಿ ಎಷ್ಟೋ ಟೆಂಡರ್‌ಗಳ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ. ಕಾರ್ಲ್ ಝೈಸ್ 1846ರಲ್ಲಿ ಕಾರ್ಯಾಗಾರ ತೆರೆದ ಊರು ತಮ್ಮ ಯೇನಾ. ಆದರೂ ಅಲ್ಲಿನ ವಿಶ್ವವಿದ್ಯಾಲಯ ಸಕಾರಣವಿಲ್ಲದೆ "ಝೈಸ್ ಸೂಕ್ಷ್ಮದರ್ಶಕ ಬೇಕು" ಎಂದು ಬರೆಯುವಂತಿಲ್ಲ, ಹಾಗೆ ಹೆಸರು ಹೇಳಲೇಬೇಕಾದಾಗ "ಅಥವಾ ತತ್ಸಮಾನ" ಎಂದು ಸೇರಿಸಬೇಕು. ಹೆಸರಿಲ್ಲದಿದ್ದರೂ ಒಲವು ಇಣುಕುವುದುಂಟು. ಉದಾಹರಣೆಗೆ, ಕಡ್ಡಾಯ ಷರತ್ತುಗಳ ಪಟ್ಟಿಯಲ್ಲಿ "63 ಪಟ್ಟು ವರ್ಧನೆಯ ಆಯಿಲ್ ಆಬ್ಜೆಕ್ಟಿವ್, ನ್ಯೂಮರಿಕಲ್ ಅಪರ್ಚರ್ ಕನಿಷ್ಠ 1.4" ಎಂದಿರುತ್ತದೆ. ಆಯಿಲ್ ಆಬ್ಜೆಕ್ಟಿವ್ ಎಂದರೆ ಎಣ್ಣೆಯ ಹನಿಯೊಂದಿಗೆ ಬಳಸುವ, ಮಾದರಿಯ ಹತ್ತಿರದ ಮಸೂರ, ಅಪರ್ಚರ್ ಎಂದರೆ ಅದು ಎಷ್ಟು ಅಗಲವಾಗಿ ಬೆಳಕು ಹಿಡಿಯುತ್ತದೆ ಎಂಬ ಅಳತೆ. ಝೈಸ್ ಮತ್ತು ಲೈಕಾ 63 ಪಟ್ಟಿನದನ್ನು ಮಾಡುತ್ತವೆ. ನಿಕಾನ್ ಮತ್ತು ಹಿಂದೆ ಒಲಿಂಪಸ್ ಎನಿಸಿದ್ದ ಎವಿಡೆಂಟ್ ಕಂಪನಿಗಳದು 60 ಪಟ್ಟು. ಪ್ರಯೋಗಾಲಯಕ್ಕೆ ಬೇಕಿರುವುದು ಸೂಕ್ಷ್ಮ ವಿವರ ಬಿಡಿಸಿ ತೋರಿಸುವ ಸಾಮರ್ಥ್ಯ, ಅದನ್ನು ನಿರ್ಧರಿಸುವುದು ಮುಖ್ಯವಾಗಿ ಅಪರ್ಚರ್. 60 ಮತ್ತು 63ರ ನಡುವಿನ ವ್ಯತ್ಯಾಸದಿಂದ ಪ್ರಯೋಗವೇನೂ ಕೆಡುವುದಿಲ್ಲ. ತಾವು ನಿಕಾನ್ ಪರವಾಗಿ ಹಾಕುತ್ತಿದ್ದರೆ, "ಅಪರ್ಚರ್ 1.4 ಅಥವಾ ಹೆಚ್ಚಿದ್ದಲ್ಲಿ 60 ಪಟ್ಟಿನದನ್ನು ಒಪ್ಪುವಿರಾ?" ಎಂದು ಗಡುವಿನೊಳಗೆ ಪೋರ್ಟಲ್‌ನಲ್ಲಿ ಕೇಳಬೇಕು. ಕೇಳಿದವರ ಹೆಸರು ಹೇಳದೆ ಉತ್ತರವನ್ನು ಎಲ್ಲ ಸ್ಪರ್ಧಿಗಳಿಗೂ ಕಳುಹಿಸುತ್ತಾರೆ, ಹೆಚ್ಚಿನ ಸಲ ಷರತ್ತು ಸಡಿಲವಾಗುತ್ತದೆ. ಕೇಳದೆ 60 ಪಟ್ಟಿನದನ್ನು ಹಾಕಿದರೆ ದರ ಎಷ್ಟೇ ಚೆನ್ನಾಗಿದ್ದರೂ ಹೊರಗೆ.

ಟೆಂಡರ್ ನಡೆಯುತ್ತಿರುವಾಗ ಅಧಿಕಾರಿಗೆ ಫೋನ್ ಮಾಡಲೇಬೇಡಿ. ಎಂ.ಎಸ್. ಬಿಲ್ಡಿಂಗ್‌ನ ಮೊಗಸಾಲೆಯಲ್ಲಿ "ಸರ್, ನಮ್ಮ ಫೈಲು" ಎಂದು ನಿಲ್ಲುವ ಪದ್ಧತಿಗೆ ಇಲ್ಲಿ ಜಾಗವಿಲ್ಲ, ಮಾತುಕತೆಯೆಲ್ಲ ಪೋರ್ಟಲ್ ಮೂಲಕವೇ. ಸಾಮಗ್ರಿ ಖರೀದಿಯಲ್ಲಿ ದರಪಟ್ಟಿ ತೆರೆಯುವಾಗ ಸ್ಪರ್ಧಿಗಳಿಗೆ ಪ್ರವೇಶವೂ ಇಲ್ಲ, ಪ್ರತಿಸ್ಪರ್ಧಿಯ ದರವನ್ನು ಪರದೆಯ ಮೇಲೆ ನೋಡುವ ಸುಖವೂ ಇಲ್ಲ. ಅದರ ಬದಲು, ಮಿತಿಗಿಂತ ಮೇಲಿನ ಖರೀದಿಗಳಲ್ಲಿ, ಗೆದ್ದವರ ಹೆಸರನ್ನೂ ತಮ್ಮನ್ನು ಆರಿಸದಿರಲು ಕಾರಣವನ್ನೂ ತಿಳಿಸುವ ಪತ್ರ ಬರುತ್ತದೆ. ವಿದ್ಯುನ್ಮಾನವಾಗಿ ಕಳುಹಿಸಿದ್ದರೆ ಅದಾದ ಮೇಲೆ 10 ದಿನ ಕಳೆಯುವವರೆಗೆ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಆಕ್ಷೇಪವಿದ್ದರೆ ಮೊದಲು ಸಂಸ್ಥೆಗೆ, ಆಮೇಲೆ ಖರೀದಿ ನ್ಯಾಯಮಂಡಳಿಗೆ ಹೋಗಬೇಕು. ಪ್ರಕಟಣೆಯಲ್ಲೇ ಕಾಣುತ್ತಿದ್ದ ದೋಷವನ್ನು ಟೆಂಡರ್ ಹಾಕುವ ಗಡುವಿನೊಳಗೆ ಎತ್ತದಿದ್ದರೆ ಆಮೇಲೆ ಅದರ ಬಗ್ಗೆ ದೂರುವ ಹಕ್ಕು ಉಳಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಸ್ವಂತ ಕಂಪನಿಯ ಮಾತಿಗೆ ಬರೋಣ. ಪತ್ನಿಯ ಬ್ಲೂ ಕಾರ್ಡ್ (ವಿದ್ಯಾವಂತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಆಧಾರದ ಮೇಲೆ ಸಿಕ್ಕ ನಿವಾಸ ಪರವಾನಗಿಯಲ್ಲಿ ಉದ್ಯೋಗಕ್ಕೂ ವ್ಯಾಪಾರಕ್ಕೂ ಅವಕಾಶವಿರುತ್ತದೆ, ಕಾರ್ಡಿನ ಮೇಲೆ ಬರೆದದ್ದನ್ನು ಒಮ್ಮೆ ನೋಡಿಕೊಳ್ಳಿ. ಸಣ್ಣವರಿಗೆ ಕಾನೂನಿನ ಆಸರೆಯೂ ಇದೆ: ದೊಡ್ಡ ಖರೀದಿಯನ್ನು ಭಾಗಗಳಾಗಿ ಒಡೆಯಬೇಕು, ಒಡೆಯದಿದ್ದರೆ ಕಾರಣ ಹೇಳಬೇಕು, ಕೇಳುವ ವಾರ್ಷಿಕ ವಹಿವಾಟು ಸಾಮಾನ್ಯವಾಗಿ ಗುತ್ತಿಗೆಯ ಅಂದಾಜು ಮೊತ್ತದ ಎರಡು ಪಟ್ಟನ್ನು ಮೀರಬಾರದು. ನಮ್ಮಲ್ಲಿನ ಇಎಂಡಿಯಂತೆ ಟೆಂಡರ್ ಜೊತೆಗೇ ಮುಂಗಡ ಠೇವಣಿ ಇಡಬೇಕಾದ ಪ್ರಸಂಗ ಜರ್ಮನಿಯ ಸಾಮಗ್ರಿ ಖರೀದಿಯಲ್ಲಿ ಅಪರೂಪ. ಇಟಲಿಯಲ್ಲಿ 2 ಶೇಕಡಾ ಖಾತರಿ ಕೇಳುವುದುಂಟು. ಇಷ್ಟೆಲ್ಲ ಇದ್ದರೂ ಲ್ಯಾಪ್‌ಟಾಪ್ ವ್ಯಾಪಾರಕ್ಕೆ ಕೈಹಾಕಬೇಡಿ. ಅಲ್ಲಿ ನಾಲ್ಕು ವರ್ಷದವರೆಗಿನ ಚೌಕಟ್ಟು ಒಪ್ಪಂದಗಳದೇ (ಷರತ್ತುಗಳನ್ನು ಮೊದಲೇ ನಿಗದಿ ಮಾಡಿ ಬೇಕಾದಾಗ ತರಿಸಿಕೊಳ್ಳುವ ಒಪ್ಪಂದ) ರಾಜ್ಯ, ಗೆಲ್ಲುವವರು ಬೆಖ್ಟ್ಲ, ಕ್ಯಾನ್‌ಕಾಮ್‌ನಂಥ ದೊಡ್ಡವರು. ಹೊಸ ಕಂಪನಿಯ ಬಳಿ ತೋರಿಸಲು ಹಳೆಯ ಪೂರೈಕೆಯ ದಾಖಲೆಯೇ ಇರುವುದಿಲ್ಲ. ಮಿತಿಗಿಂತ ಕೆಳಗಿನ ಸಣ್ಣ ಪ್ರಯೋಗಾಲಯ ಖರೀದಿಗಳಲ್ಲಿ ಮಾತ್ರ ಹೊಸಬರಿಗೆ ನುಸುಳಲು ದಾರಿಯಿದೆ.

ಪೀಣ್ಯದ ಸಾಮಾನಿನ ವಿಷಯದಲ್ಲಿ ಎರಡು ತೊಡಕು. ಭಾರತವು ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಸೇರಿಲ್ಲ, ವೀಕ್ಷಕ ಮಾತ್ರ. ಖರೀದಿಯ ಬಗ್ಗೆ ಒಕ್ಕೂಟದೊಡನೆ ಇಂಥ ಒಪ್ಪಂದವಿಲ್ಲದ ದೇಶದ ಕಂಪನಿ ಸಮಾನ ಅವಕಾಶವನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ಐರೋಪ್ಯ ನ್ಯಾಯಾಲಯ 2024ರ ಅಕ್ಟೋಬರ್ 22ರಂದು, ಟರ್ಕಿಯ ಕೋಲಿನ್ ಕಂಪನಿಯ ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. ಜರ್ಮನಿಯಲ್ಲಿ ನೋಂದಾಯಿಸಿದ ಕಂಪನಿಯ ಹೆಸರಿನಲ್ಲಿ ತಾವೇ ಹಾಕಬಹುದು, ಆದರೆ ಆಗ ಆಮದುದಾರರ ಹೊಣೆಯೆಲ್ಲ ತಮ್ಮ ಹೆಗಲಿಗೆ ಬರುತ್ತದೆ: ಸಾಮಾನು ಐರೋಪ್ಯ ಸುರಕ್ಷತಾ ನಿಯಮಗಳಿಗೆ ಒಪ್ಪುತ್ತದೆ ಎನ್ನುವ ಸಿಇ ಗುರುತಿಗೆ ಬೇಕಾದ ಪರೀಕ್ಷಾ ದಾಖಲೆ ತಯಾರಕನ ಬಳಿ ಇದೆಯೆಂದು ಖಚಿತಪಡಿಸಿಕೊಳ್ಳಬೇಕು, ಸೀಸದಂಥ ವಸ್ತುಗಳ ಮಿತಿ ಪಾಲಿಸಬೇಕು, ಇ-ತ್ಯಾಜ್ಯದ ನಿಯಮದಡಿ ನೋಂದಣಿಯಾಗದೆ ಒಂದು ಬಿಡಿ ಸಾಮಾನನ್ನೂ ಮಾರಬಾರದು. ಬಂಧುತ್ವದ ದಾಕ್ಷಿಣ್ಯಕ್ಕೆ ಹೂಂ ಎನ್ನುವ ಮೊದಲು ಅವರಿಂದ ಆ ದಾಖಲೆಗಳನ್ನು ತರಿಸಿ ನೋಡಿ.

ಆದ್ದರಿಂದ ಸದ್ಯಕ್ಕೆ ಕೆಲಸ ಹುಡುಕಿ. ಉಪಕರಣ ತಯಾರಕರಲ್ಲೂ ದೊಡ್ಡ ಐಟಿ ಪೂರೈಕೆದಾರರಲ್ಲೂ ಟೆಂಡರ್ ವಿಭಾಗಗಳಿವೆ. ಅತ್ತ ವಿಶ್ವವಿದ್ಯಾಲಯಗಳ ಖರೀದಿ ವಿಭಾಗ, ಬಾನ್ ನಗರದಲ್ಲಿರುವ ಜರ್ಮನಿಯ ಕೇಂದ್ರ ಸರ್ಕಾರದ ಖರೀದಿ ಕಚೇರಿ, ಉತ್ತರದ ರಾಜ್ಯಗಳ ಐಟಿ ಸಂಸ್ಥೆಯಾದ ಡಾಟಾಪೋರ್ಟ್ ಕೂಡ ಜನರನ್ನು ತೆಗೆದುಕೊಳ್ಳುತ್ತವೆ. ಎಲ್ಲ ಕಡೆಯೂ ಭಾಷೆಯೇ ಬಾಗಿಲು: ದಾಖಲೆಗಳು ಜರ್ಮನ್‌ನಲ್ಲಿ, ಪ್ರಶ್ನೆಗಳು ಜರ್ಮನ್‌ನಲ್ಲಿ, ಆಕ್ಷೇಪವೂ ಜರ್ಮನ್‌ನಲ್ಲಿ. ಭಾಷಾ ಕಲಿಕೆಯ ಬಿ-2 ಹಂತ ಮುಗಿಸಿ ಅರ್ಜಿ ಹಾಕಿ, ಅದರ ಮೇಲಿನ ಸಿ-1ಕ್ಕೆ ಓದುತ್ತಲೇ ಇರಿ. ಇಲ್ಲಿನ ಆಯವ್ಯಯ ವರ್ಷ ಡಿಸೆಂಬರ್‌ಗೆ ಮುಗಿಯುವುದರಿಂದ ಉಳಿದ ಹಣ ಖರ್ಚು ಮಾಡುವ ಅವಸರ ವರ್ಷದ ಕೊನೆಗೆ ಏರುತ್ತದೆ, ಟೆಂಡರ್ ವಿಭಾಗಗಳಿಗೆ ಆಗ ಕೈ ಸಾಲದು. ಬೇಸಿಗೆಯ ಹೊತ್ತಿಗೆ ಅರ್ಜಿ ಅವರ ಮೇಜಿನ ಮೇಲಿದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ ತಾವು ಪೂರೈಸಿದ ಉಪಕರಣಗಳ ಪಟ್ಟಿಯನ್ನು ಖರೀದಿಸಿದ ಸಂಸ್ಥೆ, ವರ್ಷ, ಮೊತ್ತದ ಸಮೇತ ಒಂದು ಪುಟದಲ್ಲಿ ಬರೆದು ಕಳುಹಿಸಿದರೆ, ಇಲ್ಲಿನವರು ಓದುವ ಕ್ರಮಕ್ಕೆ ಅದನ್ನು ತಿದ್ದಿಕೊಡುತ್ತೇನೆ.