ಎಲ್ಲ ಫೋಟೊ ಕುಗ್ಗಿಸುವ ಆ್ಯಪ್? ಎಣಿಸಿ ನೋಡಿ

ಪ್ರಶ್ನೆ: ಯಾವ ಫೋಟೊ ಕೊಟ್ಟರೂ ಏನೂ ಕಳೆಯದೆ ಹತ್ತನೇ ಒಂದು ಭಾಗಕ್ಕೆ ಇಳಿಸುವ ಆ್ಯಪ್ ಬಂದಿದೆಯಂತೆ. ಹಾಗಾದರೆ ಅದನ್ನೇ ಮತ್ತೆ ಮತ್ತೆ ಕುಗ್ಗಿಸಬಹುದಲ್ವಾ?

ಉತ್ತರ: ಈ ಪ್ರಶ್ನೆ ವೇಷ ಬದಲಿಸಿ ಬರುತ್ತಲೇ ಇರುತ್ತದೆ. ‘ಯಾವ ಫೋಟೊ ಕೊಟ್ಟರೂ’ ಅಂದ ಕೂಡಲೇ ಅದು ಸುಳ್ಳು. ಆ್ಯಪ್ ತೆರೆದು ನೋಡುವುದೂ ಬೇಡ, ಎಣಿಸಿದರೆ ಸಾಕು.

ಫೋಟೊ ಫೈಲು ಕೂಡ ಬಿಟ್‌ಗಳ, ಅಂದರೆ 0 ಮತ್ತು 1ರ, ಸಾಲು ಅಷ್ಟೇ. 10 ಬಿಟ್‌ನ ಫೈಲುಗಳು ಒಟ್ಟು 1024. ಅದಕ್ಕಿಂತ ಚಿಕ್ಕವು, ಖಾಲಿ ಫೈಲನ್ನೂ ಸೇರಿಸಿದರೆ, 1023. ಎಲ್ಲವನ್ನೂ ಕುಗ್ಗಿಸಲು ಹೊರಟರೆ ಎರಡು ಫೈಲು ಒಂದೇ ಆಗಲೇಬೇಕು. ಕುಗ್ಗಿಸಿದ್ದನ್ನು ಮತ್ತೆ ಬಿಚ್ಚುವಾಗ ಯಾವುದನ್ನು ಕೊಡುತ್ತೀರಿ? ಫೈಲು ಎಷ್ಟೇ ದೊಡ್ಡದಿರಲಿ, ಲೆಕ್ಕ ಇದೇ. ಬರೀ 10 ಬಿಟ್ ಕಡಿಮೆ ಮಾಡುವುದು ಕೂಡ 512ರಲ್ಲಿ ಒಂದಕ್ಕಿಂತ ಹೆಚ್ಚು ಫೈಲಿಗೆ ಆಗದು.

ಮತ್ತೆ ಏನೂ ಕಳೆಯದೆ ಚಿತ್ರ ಕುಗ್ಗಿಸಿಡುವ ಪಿಎನ್‌ಜಿ ಫೈಲು ಹೇಗೆ ಕುಗ್ಗಿಸುತ್ತದೆ? ಸಾವಿರಕ್ಕೆ ಸಾವಿರ ಪಿಕ್ಸೆಲ್, ಒಂದೊಂದಕ್ಕೆ 24 ಬಿಟ್ ಅಂದರೆ 2.4 ಕೋಟಿ ಬಿಟ್. ಅಂಥ ಚಿತ್ರಗಳು ಎಷ್ಟು ಸಾಧ್ಯ ಎಂದು ಬರೆಯಲು ಹೋದರೆ ಆ ಸಂಖ್ಯೆಗೇ 72 ಲಕ್ಷಕ್ಕೂ ಜಾಸ್ತಿ ಅಂಕಿ. ಅವುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅರ್ಥವಿಲ್ಲದ ಬಣ್ಣದ ಚುಕ್ಕಿಗಳು. ನಾವು ತೆಗೆಯುವ ಫೋಟೊಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಸಾಮಾನ್ಯವಾಗಿ ಹತ್ತಿರದ ಬಣ್ಣದವು. ಪಿಎನ್‌ಜಿ ಪಕ್ಕದವನ್ನು ನೋಡಿ ಊಹಿಸುತ್ತದೆ, ತಪ್ಪಿದಷ್ಟನ್ನು ಬರೆದಿಡುತ್ತದೆ. ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಸೆನ್ಸರಿನ ನಾಯ್ಸ್ (ಗೊತ್ತುಗುರಿಯಿಲ್ಲದ ಚುಕ್ಕಿಗಳು) ತುಂಬಿರುತ್ತದೆ, ಊಹೆ ಕೈಕೊಡುತ್ತದೆ, ಫೈಲು ಅಷ್ಟಾಗಿ ಕುಗ್ಗುವುದಿಲ್ಲ. ಊಹೆಗೆ ಸಿಗದ ಈ ಭಾಗಕ್ಕೇ ಎಂಟ್ರೊಪಿ ಎನ್ನುತ್ತಾರೆ. ಸರಾಸರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯಲಾಗದು ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ತೋರಿಸಿದ್ದಾರೆ. ಒಮ್ಮೆ ಚೆನ್ನಾಗಿ ಕುಗ್ಗಿಸಿದ ಫೈಲಿನಲ್ಲಿ ಊಹಿಸಲು ಏನೂ ಉಳಿದಿರುವುದಿಲ್ಲ. ಎರಡನೇ ಸಲ ಕುಗ್ಗಿಸಿದರೆ ನಾಲ್ಕು ಬೈಟ್ ಜಾಸ್ತಿಯೇ ಆದೀತು.

ಇಂಥ ಆ್ಯಪ್‌ಗೆ ದುಡ್ಡು ಕೇಳಿದರೆ, ಗೊತ್ತುಗುರಿಯಿಲ್ಲದ ಬಿಟ್‌ಗಳ ಫೈಲೊಂದನ್ನು ಕೊಟ್ಟು ‘ಕುಗ್ಗಿಸಿ’ ಅನ್ನಿ. ಬಿಚ್ಚುವ ಪ್ರೋಗ್ರಾಮಿನ ಗಾತ್ರವನ್ನೂ ಕೂಡಿಸಿ ನೋಡಿ. ಕಳ್ಳತನ ಅಲ್ಲೇ ಇರುತ್ತದೆ: ಫೈಲಿನಿಂದ ತೆಗೆದ ಬಿಟ್‌ಗಳನ್ನು ಆ ಪ್ರೋಗ್ರಾಮಿನಲ್ಲೇ ಬಚ್ಚಿಟ್ಟಿರಬಹುದು. ಬಿಚ್ಚಿದ ಫೈಲು ಬಿಟ್‌ಗೆ ಬಿಟ್ ಹೊಂದುವ ತನಕ ನಾನಾದರೆ ಮೂಲ ಫೋಟೊ ಅಳಿಸುವುದಿಲ್ಲ.

ಪ್ರಶ್ನೆ: ಜೆಪೆಗ್ ಫೋಟೊವನ್ನು ಪಿಎನ್‌ಜಿ ಮಾಡಿದರೆ ಕಳೆದ ವಿವರ ವಾಪಸ್ ಬರುತ್ತದಾ?

ಉತ್ತರ: ಇಲ್ಲ. ಜೆಪೆಗ್ ಕುಗ್ಗಿಸುವಾಗಲೇ ಆ ವಿವರ ಎಸೆದಿರುತ್ತದೆ. ಫೈಲು ಸುಮ್ನೆ ದಪ್ಪಗಾಗುತ್ತದೆ.

ಪ್ರಶ್ನೆ: ಮುಗಿಯದ ಪೈ (3.14159…) ಅಂಕಿಗಳಲ್ಲಿ ಎಲ್ಲ ಫೋಟೊಗಳೂ ಇವೆಯಂತೆ. ಎಷ್ಟನೇ ಅಂಕಿಯಿಂದ ಅಂತ ಬರೆದಿಟ್ಟುಕೊಂಡರೆ ಸಾಲದೇ?

ಉತ್ತರ: ಇವೆ ಎಂದು ಯಾರೂ ಸಾಧಿಸಿಲ್ಲ. ಇದ್ದರೂ ಆ ಸಂಖ್ಯೆ ಹೆಚ್ಚುಕಮ್ಮಿ ಫೋಟೊದಷ್ಟೇ ಉದ್ದ ಇರುತ್ತದೆ.

ಪ್ರಶ್ನೆ: ಮಸುಕಾದ ಮುಖವನ್ನು ಎಐ ಸ್ಪಷ್ಟ ಮಾಡಿಕೊಡುತ್ತದಲ್ಲ?

ಉತ್ತರ: ಮುಖವೊಂದನ್ನು ಬರೆದುಕೊಡುತ್ತದೆ. ಅದನ್ನು ಹಿಡಿದು ಯಾರ ಮೇಲೂ ಕಳ್ಳತನದ ದೂರು ಕೊಡಬೇಡಿ.