ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಯಾಂಗಮನ್ ಕೌಂಟಿಯ ಕಸುಬುದಾರರು

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಗಡಿಸೀಮೆ ಎಂದರೆ ಸಿನಿಮಾಗಳಲ್ಲಿ ಕುದುರೆ ಸವಾರರು, ಪಿಸ್ತೂಲು, ಹೆಂಡದಂಗಡಿ ಇಷ್ಟೇ ಕಾಣುತ್ತವೆ. ಅಲ್ಲಿನ ಊರುಗಳಲ್ಲಿ ನಿಜವಾಗಿ ಯಾವ ಕಸುಬಿನವರು ಇದ್ದರು? ಒಂದು ಊರನ್ನು ಎತ್ತಿಕೊಂಡು ವಿವರಿಸುವಿರಾ?
(ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ಇಲಿನಾಯ್ ರಾಜ್ಯದ ಸ್ಯಾಂಗಮನ್ ಕೌಂಟಿಯಲ್ಲಿದ್ದ ನ್ಯೂ ಸೇಲಂ ಎಂಬ ಊರನ್ನು ಎತ್ತಿಕೊಳ್ಳೋಣ. ಅಬ್ರಹಾಂ ಲಿಂಕನ್ ತಮ್ಮ ಯೌವನದ ಆರು ವರ್ಷಗಳನ್ನು ಕಳೆದದ್ದು ಇಲ್ಲಿ ಎಂಬ ಕಾರಣದಿಂದ, ಬೇರೆ ಸಣ್ಣ ಊರುಗಳ ವಿಚಾರದಲ್ಲಿ ಎಂದೋ ಕಳೆದುಹೋದ ವಿವರಗಳು ಈ ಊರಿನ ಮಟ್ಟಿಗೆ ಉಳಿದುಕೊಂಡಿವೆ. ಯಾರ ಮನೆ ಎಲ್ಲಿತ್ತು, ಯಾರು ಏನು ಮಾಡಿ ಬದುಕುತ್ತಿದ್ದರು ಎಂಬುದು ಬಹುಮಟ್ಟಿಗೆ ಗೊತ್ತಿದೆ.

ಊರು ಹುಟ್ಟಿದ್ದೇ ಒಂದು ಗಿರಣಿಯಿಂದ. ಜೇಮ್ಸ್ ರಟ್ಲೆಜ್ ಮತ್ತು ಜಾನ್ ಕ್ಯಾಮರಾನ್ ಎಂಬಿಬ್ಬರು ಸ್ಯಾಂಗಮನ್ ನದಿಗೆ ಒಡ್ಡು ಕಟ್ಟಿ, ಹಿಟ್ಟು ಬೀಸುವ ಮತ್ತು ಮರ ಕೊಯ್ಯುವ ಗಿರಣಿಯನ್ನು ನಿಲ್ಲಿಸಿದರು. 1829ರಲ್ಲಿ ಪಕ್ಕದ ದಿಬ್ಬದ ಮೇಲೆ ನಿವೇಶನಗಳನ್ನು ಅಳೆಸಿ ಮಾರತೊಡಗಿದರು. ಸುತ್ತಲಿನ ರೈತರು ಮೆಕ್ಕೆಜೋಳದ ಮೂಟೆ ಹೊತ್ತು ಗಿರಣಿಗೆ ಬರುತ್ತಿದ್ದರು, ಸರದಿ ಬರುವವರೆಗೆ ಕಾಯುತ್ತಿದ್ದರು. ಆ ಕಾಯುವಿಕೆಯೇ ಉಳಿದೆಲ್ಲ ಕಸುಬುಗಳನ್ನು ಊರಿಗೆ ಕರೆತಂದಿತು ಎಂಬುದು ನನ್ನ ಅಭಿಪ್ರಾಯ. ಬೀಸುವಷ್ಟರಲ್ಲಿ ಕುದುರೆಗೆ ಲಾಳ ಕಟ್ಟಿಸಬಹುದು, ಮುರಿದ ಗುಳವನ್ನು ಕಾಯಿಸಿ ತಟ್ಟಿಸಬಹುದು, ಬೂಟಿಗೆ ಹೊಲಿಗೆ ಹಾಕಿಸಬಹುದು, ಉಪ್ಪು, ಸಕ್ಕರೆ, ಕಾಫಿ ಕೊಳ್ಳಬಹುದು.

ಜೋಶುವಾ ಮಿಲ್ಲರ್ ಕಮ್ಮಾರರು, ಗಾಡಿಯನ್ನೂ ಮಾಡುತ್ತಿದ್ದರು. ಪೀಟರ್ ಲ್ಯೂಕಿನ್ಸ್ ಬೂಟು ಹೊಲಿಯುವವರು. ಫಿಲೆಮನ್ ಮಾರಿಸ್ ಚರ್ಮ ಹದ ಮಾಡುತ್ತಿದ್ದರು, ಮಾರ್ಟಿನ್ ವಾಡೆಲ್ ಉಣ್ಣೆ ಮತ್ತು ತುಪ್ಪಟದಿಂದ ಟೋಪಿ ತಯಾರಿಸುತ್ತಿದ್ದರು. ಜಾನ್ ಆಲನ್ ವೈದ್ಯರು, ಮೆಂಟರ್ ಗ್ರಹಾಂ ಶಾಲೆಯ ಮಾಸ್ತರರು. ಊರಿನಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಮನೆತನಗಳಿದ್ದವು ಎಂಬುದನ್ನು ನೆನಪಿಟ್ಟುಕೊಂಡರೆ, ಅಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ಕೈಚಳಕ ಸೇರಿದ್ದು ಸಣ್ಣ ಸಂಗತಿಯಲ್ಲ.

ಇವರೆಲ್ಲರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವವರು ಹೆನ್ರಿ ಆನ್‌ಸ್ಟಾಟ್. ಅವರ ಕೆಲಸ ಪೀಪಾಯಿ ಮಾಡುವುದು. ಹಂದಿಮಾಂಸವಿರಲಿ, ಹಿಟ್ಟಿರಲಿ, ವಿಸ್ಕಿಯಿರಲಿ, ಹೊರಗಿನ ಮಾರುಕಟ್ಟೆಗೆ ಹೋಗುವ ಸರಕೆಲ್ಲ ಪೀಪಾಯಿಗಳಲ್ಲೇ ಹೋಗಬೇಕಿತ್ತು. ತಳ ಚಪ್ಪಟೆಯಾದ ದೋಣಿಗಳಲ್ಲಿ ಅದನ್ನು ಹೇರಿ, ಸ್ಯಾಂಗಮನ್‌ನಿಂದ ಇಲಿನಾಯ್ ನದಿಗೆ, ಅಲ್ಲಿಂದ ಮಿಸಿಸಿಪ್ಪಿಗೆ ಇಳಿದು ನ್ಯೂ ಆರ್ಲಿಯನ್ಸ್‌ವರೆಗೆ ಸಾಗಿಸುತ್ತಿದ್ದರು. ಹಲಗೆಗಳನ್ನು ಬಾಗಿಸಿ, ಅಂಚುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸಿ, ಬಳೆ ಬಿಗಿಯದಿದ್ದರೆ ದಾರಿಯಲ್ಲೇ ಸರಕು ಹಾಳು. ಒಬ್ಬ ರೈತನ ವರ್ಷದ ದುಡಿಮೆ ಆನ್‌ಸ್ಟಾಟರ ಕೈಯ ಅಳತೆಯನ್ನು ನಂಬಿಕೊಂಡಿತ್ತು.

ಅಂಗಡಿ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಹಿಲ್ 1835ರ ಹೊತ್ತಿಗೆ ಉಣ್ಣೆ ಹಿಂಜುವ ಯಂತ್ರವನ್ನೂ ಹಾಕಿದರು. ಓರೆಯಾಗಿ ನಿಲ್ಲಿಸಿದ ದೊಡ್ಡ ಚಕ್ರದ ಮೇಲೆ ಎತ್ತುಗಳು ನಡೆಯುತ್ತಿದ್ದವು, ಆ ತೂಕಕ್ಕೆ ಚಕ್ರ ತಿರುಗಿ ಯಂತ್ರ ಓಡುತ್ತಿತ್ತು. ಅದು ಬರುವ ಮೊದಲು ಇಡೀ ಉಣ್ಣೆಯನ್ನು ಹೆಂಗಸರು ಮನೆಯಲ್ಲಿ ಕೈಯಿಂದಲೇ ಹಿಂಜುತ್ತಿದ್ದರು. ಬಂದ ಮೇಲೂ ನೂಲುವುದು, ನೇಯುವುದು ಅವರ ಪಾಲಿಗೇ ಉಳಿಯಿತು. ಕಸುಬುದಾರರ ಪಟ್ಟಿಯಲ್ಲಿ ಅವರ ಹೆಸರುಗಳು ಬರುವುದಿಲ್ಲ, ಆದರೆ ಊರಿನವರು ತೊಟ್ಟ ಬಟ್ಟೆ ಅವರು ನೇಯ್ದದ್ದು.

ಪ್ರಶ್ನೆ: ಕೌಂಟಿ ಎಂದರೆ ಏನು? ವ್ಯಾಪಾರಿಗಳ ಮೇಲೆ, ಕಸುಬುದಾರರ ಮೇಲೆ ಅದಕ್ಕೆ ಹಿಡಿತವಿತ್ತೇ?
(ಇತಿಹಾಸದ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ರಾಜ್ಯದ ಕೆಳಗಿನ ಆಡಳಿತದ ಘಟಕವೇ ಕೌಂಟಿ. ಅದಕ್ಕೊಂದು ಕೇಂದ್ರಸ್ಥಳ, ನ್ಯಾಯಾಲಯ, ಭೂದಾಖಲೆಗಳ ಕಚೇರಿ, ಕಾನೂನು ಪಾಲನೆಯ ಅಧಿಕಾರಿಯಾದ ಶೆರಿಫ್ ಇರುತ್ತಿದ್ದರು. ಇಲಿನಾಯ್ 1818ರಲ್ಲಿ ರಾಜ್ಯವಾಯಿತು, ಸ್ಯಾಂಗಮನ್ ಕೌಂಟಿ 1821ರಲ್ಲಿ ರಚನೆಯಾಯಿತು, ಸ್ಪ್ರಿಂಗ್‌ಫೀಲ್ಡ್ ಅದರ ಕೇಂದ್ರಸ್ಥಳವಾಯಿತು.

ಹಿಡಿತ ಖಂಡಿತವಾಗಿಯೂ ಇತ್ತು. ವಿಲಿಯಂ ಬೆರ್ರಿ ಮತ್ತು ಲಿಂಕನ್ ಇಬ್ಬರೂ ಪಾಲುದಾರರಾಗಿ ನಡೆಸುತ್ತಿದ್ದ ಅಂಗಡಿಗೆ, ಮದ್ಯವನ್ನು ಲೋಟದ ಲೆಕ್ಕದಲ್ಲಿ ಮಾರುವ ಪರವಾನಗಿಯನ್ನು ಕೌಂಟಿಯ ಆಯುಕ್ತರು 1833ರ ಮಾರ್ಚ್‌ನಲ್ಲಿ ಕೊಟ್ಟರು. ಅದರ ಶುಲ್ಕ 7 ಡಾಲರ್, ಜೊತೆಗೆ 300 ಡಾಲರ್‌ನ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಆ ಪರವಾನಗಿಯಲ್ಲಿ ದರಗಳನ್ನೂ ಆಯುಕ್ತರೇ ನಿಗದಿ ಮಾಡಿದ್ದರು: ಅರ್ಧ ಪಿಂಟ್ ವಿಸ್ಕಿಗೆ ಹನ್ನೆರಡೂವರೆ ಸೆಂಟ್, ಒಂದು ಹೊತ್ತಿನ ಊಟಕ್ಕೆ 25 ಸೆಂಟ್, ರಾತ್ರಿ ಮಲಗಲು ಒಬ್ಬ ಮನುಷ್ಯನಿಗೆ ಹನ್ನೆರಡೂವರೆ, ಕುದುರೆಗೆ 25. ಮನುಷ್ಯನಿಗಿಂತ ಕುದುರೆಗೆ ಇಮ್ಮಡಿ ದರವಿದ್ದುದಕ್ಕೆ ಕಾರಣ ಅದಕ್ಕೆ ಮೇವೂ ಬೇಕು ಎಂಬುದೇ ಇರಬೇಕು. ಕಾನೂನಿಲ್ಲದ ನಾಡು ಎಂದು ನಾವು ಭಾವಿಸುವ ಜಾಗದಲ್ಲಿ ಊಟದ ಬೆಲೆಯವರೆಗೂ ಕಾನೂನು ತಲುಪಿತ್ತು.

ಆ ಅಂಗಡಿ ನಡೆಯಲಿಲ್ಲ. 1835ರಲ್ಲಿ ಬೆರ್ರಿ ತೀರಿಕೊಂಡಾಗ ಸಾಲದ ಹೊರೆ ಲಿಂಕನ್ ಅವರ ಮೇಲೆ ಬಿತ್ತು. ಸಾಲ ಕೊಟ್ಟವರೊಬ್ಬರು ದಾವೆ ಹೂಡಿದ್ದರಿಂದ, ಆಗ ಭೂಮಾಪನ ಮಾಡುತ್ತಿದ್ದ ಲಿಂಕನ್ ಅವರ ಕುದುರೆಯೂ ಭೂಮಾಪನದ ಉಪಕರಣಗಳೂ ಹರಾಜಿಗೆ ಬಂದವು. ಜೇಮ್ಸ್ ಶಾರ್ಟ್ ಎಂಬ ನೆರೆಯ ರೈತರು ಹರಾಜಿನಲ್ಲಿ ಅವನ್ನು ಕೊಂಡು, ಹಾಗೆಯೇ ಲಿಂಕನ್ ಅವರ ಕೈಗೆ ಹಿಂದಿರುಗಿಸಿದರು. ಉಪಕರಣ ಹೋದರೆ ಕಸುಬುದಾರನ ಅನ್ನವೇ ಹೋಗುತ್ತದೆ ಎಂಬುದು ಆ ರೈತರಿಗೆ ಚೆನ್ನಾಗಿ ತಿಳಿದಿತ್ತು.

ಪ್ರಶ್ನೆ: ಲಿಂಕನ್ ಅವರು ಅಂಚೆ ಕೆಲಸವನ್ನೂ ಮಾಡಿದ್ದರಂತೆ, ನಿಜವೇ?
(ಅಂಚೆ ಇಲಾಖೆಯ ನಿವೃತ್ತ ನೌಕರರು, ಶಿವಮೊಗ್ಗ)

ಉತ್ತರ: ನಿಜ. 1833ರ ಮೇ ತಿಂಗಳಿನಿಂದ 1836ರಲ್ಲಿ ಕಚೇರಿ ಮುಚ್ಚುವವರೆಗೆ ಅವರು ನ್ಯೂ ಸೇಲಂನ ಪೋಸ್ಟ್‌ಮಾಸ್ಟರ್ ಆಗಿದ್ದರು. ಆಗ ಅಂಚೆಚೀಟಿ ಇರಲಿಲ್ಲ. ಸಾಮಾನ್ಯವಾಗಿ ಪತ್ರ ಪಡೆಯುವವರೇ ಹಣ ಕೊಡಬೇಕಿತ್ತು. ಒಂದು ಹಾಳೆಯ ಪತ್ರ 30 ಮೈಲಿಯೊಳಗೆ ಬಂದಿದ್ದರೆ 6 ಸೆಂಟ್, 400 ಮೈಲಿ ದಾಟಿ ಬಂದಿದ್ದರೆ 25 ಸೆಂಟ್, ಎರಡು ಹಾಳೆಯಿದ್ದರೆ ಅದರ ಇಮ್ಮಡಿ. 400 ಮೈಲಿ ಆಚೆಯ ಹುಟ್ಟೂರಿನಿಂದ ಬಂದ ಒಂದು ಹಾಳೆ ಪತ್ರದ ಬೆಲೆಯೂ ಒಂದು ಹೊತ್ತಿನ ಊಟದ ಬೆಲೆಯೂ ಒಂದೇ ಆಗಿತ್ತು ಎಂಬುದನ್ನು ಮೇಲಿನ ದರಗಳೊಂದಿಗೆ ಹೋಲಿಸಿ ನೋಡಿದರೆ ತಿಳಿಯುತ್ತದೆ.

ಪ್ರಶ್ನೆ: ಈ ಭೂಮಿ ಅದಕ್ಕೂ ಮೊದಲು ಯಾರದಾಗಿತ್ತು?
(ಓದುಗರು, ಮಡಿಕೇರಿ)

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ಕೃತಜ್ಞತೆಗಳು, ಏಕೆಂದರೆ ಇದನ್ನು ಬಿಟ್ಟು ಮೇಲಿನದನ್ನಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಸ್ಯಾಂಗಮನ್ ನದಿಯ ಸೀಮೆಯಲ್ಲಿ ಕಿಕಪೂ ಎಂಬ ಮೂಲನಿವಾಸಿ ಜನರು ಬೇಟೆಯಾಡಿ, ಮೆಕ್ಕೆಜೋಳ ಬೆಳೆದು ಬಾಳಿದ್ದರು. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ಅವರು ಇಲಿನಾಯ್‌ನ ತಮ್ಮ ನೆಲವನ್ನು ಬಿಟ್ಟುಕೊಟ್ಟು ಮಿಸಿಸಿಪ್ಪಿಯ ಆಚೆಗೆ ಹೋಗಬೇಕಾಯಿತು. ಮರುವರ್ಷದ ಕಾನೂನಿನಂತೆ ಸರ್ಕಾರಿ ಭೂಮಿಯ ಕನಿಷ್ಠ ಬೆಲೆ ಎಕರೆಗೆ ಒಂದೂಕಾಲು ಡಾಲರ್ ಎಂದು ಗೊತ್ತಾಯಿತು. ಒಪ್ಪಂದವಾಗಿ ಹತ್ತೇ ವರ್ಷಕ್ಕೆ ನ್ಯೂ ಸೇಲಂನ ನಿವೇಶನಗಳು ಮಾರಾಟವಾದವು.

1832ರಲ್ಲಿ ಸಾಕ್ ಜನರ ಮುಖಂಡ ಬ್ಲ್ಯಾಕ್ ಹಾಕ್ ಅವರು ಹೆಂಗಸರು, ಮಕ್ಕಳನ್ನೂ ಒಳಗೊಂಡ ಗುಂಪಿನೊಂದಿಗೆ ಮಿಸಿಸಿಪ್ಪಿ ದಾಟಿ ಇಲಿನಾಯ್‌ಗೆ ಮರಳಿ ಬಂದಾಗ ಯುದ್ಧ ಆರಂಭವಾಯಿತು. ನ್ಯೂ ಸೇಲಂ ಭಾಗದ ಯುವಕರು ಸ್ವಯಂಸೇವಕ ಪಡೆ ಸೇರಿ ಲಿಂಕನ್ ಅವರನ್ನು ತಮ್ಮ ಕ್ಯಾಪ್ಟನ್ ಆಗಿ ಆರಿಸಿಕೊಂಡರು. ಲಿಂಕನ್ ಕಾಳಗವನ್ನು ಕಾಣಲಿಲ್ಲ, ಆದರೆ ಆಗಸ್ಟ್‌ನಲ್ಲಿ ಬ್ಯಾಡ್ ಆಕ್ಸ್ ಎಂಬಲ್ಲಿ ನದಿ ದಾಟಿ ಹಿಂದಿರುಗಲು ಯತ್ನಿಸುತ್ತಿದ್ದವರ ಹತ್ಯಾಕಾಂಡದೊಂದಿಗೆ ಆ ಯುದ್ಧ ಮುಗಿಯಿತು.

ಪ್ರಶ್ನೆ: ಇಷ್ಟೆಲ್ಲ ಕಸುಬುಗಳಿದ್ದ ಊರು ಹನ್ನೊಂದೇ ವರ್ಷದಲ್ಲಿ ಖಾಲಿಯಾದದ್ದು ಏಕೆ? ರೋಗವೋ, ಬರವೋ?
(ಓದುಗರು, ರಾಯಚೂರು)

ಉತ್ತರ: ಎರಡೂ ಅಲ್ಲ. ನದಿಯನ್ನು ನಂಬಿ ಕಟ್ಟಿದ ಊರಿಗೆ ನದಿ ಸಾಲದಾಯಿತು. 1831ರ ಏಪ್ರಿಲ್‌ನಲ್ಲಿ ಲಿಂಕನ್ ಮತ್ತು ಸಂಗಡಿಗರು ತಂದ ಸರಕಿನ ದೋಣಿ ರಟ್ಲೆಜರ ಒಡ್ಡಿನ ಮೇಲೆಯೇ ಸಿಕ್ಕಿಬಿದ್ದಿತ್ತು. ಸರಕನ್ನು ಇಳಿಸಿ, ಒಡ್ಡಿನಾಚೆಗೆ ಚಾಚಿದ್ದ ಮುಂತುದಿಗೆ ತೂತು ಕೊರೆದು ಒಳಗಿನ ನೀರನ್ನು ಹೊರಬಿಟ್ಟ ಮೇಲೆ ಅದು ದಾಟಿತು. ಮರುವರ್ಷದ ವಸಂತದಲ್ಲಿ ‘ಟ್ಯಾಲಿಸ್‌ಮನ್’ ಎಂಬ ಉಗಿದೋಣಿ ಸ್ಪ್ರಿಂಗ್‌ಫೀಲ್ಡ್ ಹತ್ತಿರದವರೆಗೂ ಬಂದಾಗ ಸೀಮೆಯ ವ್ಯಾಪಾರಿಗಳೆಲ್ಲ ಹಿಗ್ಗಿದರು. ಆದರೆ ನೀರು ಇಳಿಯತೊಡಗಿತು, ದೋಣಿ ಆತುರದಲ್ಲಿ ಮರಳಬೇಕಾಯಿತು, ಅದನ್ನು ಹಾಯಿಸಲು ನ್ಯೂ ಸೇಲಂನ ಒಡ್ಡಿನ ಒಂದು ಭಾಗವನ್ನೇ ಕೀಳಬೇಕಾಯಿತು. ಉಗಿದೋಣಿಯ ವ್ಯಾಪಾರ ಆ ನದಿಗೆ ಹಿಡಿಸುವುದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಉಳಿದದ್ದನ್ನು ಕಚೇರಿಗಳು ಮುಗಿಸಿದವು. ಎರಡು ಮೈಲಿ ಆಚೆ ಪೀಟರ್ಸ್‌ಬರ್ಗ್ ಎಂಬ ಹೊಸ ಊರು ಎದ್ದಿತು. ಅದರ ನಿವೇಶನಗಳನ್ನು 1836ರಲ್ಲಿ ಅಳೆದವರು ಲಿಂಕನ್ ಅವರೇ. ಅದೇ ವರ್ಷ ಅಂಚೆ ಕಚೇರಿಯೂ ಅಲ್ಲಿಗೆ ಹೋಯಿತು. 1839ರಲ್ಲಿ ಸ್ಯಾಂಗಮನ್‌ನಿಂದ ಮೆನಾರ್ಡ್ ಕೌಂಟಿಯನ್ನು ಬೇರ್ಪಡಿಸಿ ಪೀಟರ್ಸ್‌ಬರ್ಗನ್ನು ಅದರ ಕೇಂದ್ರಸ್ಥಳ ಮಾಡಿದಾಗ, ಪತ್ರಕ್ಕೂ ಭೂದಾಖಲೆಗೂ ನ್ಯಾಯಕ್ಕೂ ಜನ ಅಲ್ಲಿಗೇ ಹೋಗಬೇಕಾಯಿತು. ಗಿರಾಕಿ ಹೋದ ದಾರಿಯಲ್ಲಿ ಕಮ್ಮಾರ, ವ್ಯಾಪಾರಿ, ವೈದ್ಯ ಎಲ್ಲರೂ ಹೊರಟರು. ಮರದ ದಿಮ್ಮಿಗಳ ತುದಿಗೆ ಕಚ್ಚು ಹಾಕಿ ಒಂದರೊಳಗೊಂದು ಕೂಡಿಸಿದ ಮನೆಗಳಾದ್ದರಿಂದ, ಹಲವರು ಮನೆಗಳನ್ನೇ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗಿ ಹೊಸ ಊರಿನಲ್ಲಿ ಮತ್ತೆ ನಿಲ್ಲಿಸಿದರು.

1930ರ ದಶಕದಲ್ಲಿ ಸರ್ಕಾರ ಆ ದಿಬ್ಬದ ಮೇಲೆ ಹಳೆಯ ಊರನ್ನು ಮರುನಿರ್ಮಿಸಿತು. ಈಗ ಅಲ್ಲಿರುವ ಗುಡಿಸಲು, ಅಂಗಡಿ, ಗಿರಣಿಗಳೆಲ್ಲ ಹೊಸದಾಗಿ ಕಟ್ಟಿದವು. ಮೂಲದ್ದಾಗಿ ಉಳಿದಿರುವುದು ಒಂದೇ ಕಟ್ಟಡ: 1840ರ ಸುಮಾರಿಗೆ ಪೀಟರ್ಸ್‌ಬರ್ಗ್‌ಗೆ ಹೋಗಿ, 1922ರಲ್ಲಿ ತನ್ನ ಹಳೆಯ ಅಡಿಪಾಯಕ್ಕೆ ಮರಳಿದ ಹೆನ್ರಿ ಆನ್‌ಸ್ಟಾಟರ ಪೀಪಾಯಿ ಕಾರ್ಯಾಗಾರ. ರಾತ್ರಿ ಅಲ್ಲಿನ ಒಲೆಗೆ ಹೆರೆದ ಚಕ್ಕೆಗಳನ್ನು ಹಾಕಿ, ಆ ಬೆಳಕಿನಲ್ಲಿ ಲಿಂಕನ್ ಓದುತ್ತಿದ್ದರು ಎಂದು ಆ ಸೀಮೆಯವರು ಹೇಳಿಕೊಂಡು ಬಂದಿದ್ದಾರೆ.