ಪಕ್ಕದ ಅಡಿಕೆ ತೋಟಕ್ಕೆ ಕೊಳೆ ರೋಗ ಬರಲಿಲ್ಲ, ಸರಿ. ಆದರೆ ಯಾಕೆ?

ಶಿರಸಿ ಪಕ್ಕದ ನಿಮ್ಮ ತೋಟಕ್ಕೆ ಈ ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಬಿಟ್ಟು, ಪಕ್ಕದವರು ಹೊಡೆದ ಹೊಸ ಟಾನಿಕ್ಕನ್ನೇ ಹೊಡೆಯಲಾ ಅಂತ ಕೇಳಿದ್ದೀರಿ. ಹೋದ ವರ್ಷ ಅವರಿಗೆ ಕೊಳೆ ಬರಲಿಲ್ಲ ಅಂದಿರಿ.

ಸ್ವಲ್ಪ ತಡೀರಿ. ಹೋದ ವರ್ಷ ಮಳೆ ಹೇಗಿತ್ತು? ಕೊಳೆ ತರುವ ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಗೆ ಬಿಡದೆ ಸುರಿಯುವ ಮಳೆ, ತಂಪು ಬೇಕು. ಮಳೆ ಕಡಿಮೆಯಾದರೆ ಏನೂ ಹೊಡೆಯದ ಮರವೂ ಬಚಾವಾಗಬಹುದು. ಹೆಸರು ಮಾತ್ರ ಟಾನಿಕ್ಕಿಗೆ! ಹೊಡೆಯದೇ ಬಿಟ್ಟ ಮರ ಅವರಲ್ಲಿ ಒಂದಾದರೂ ಇತ್ತಾ, ಮೊದಲು ಅದನ್ನು ಕೇಳಿ.

ನಾನಾದರೆ 40 ಮರಕ್ಕೆ ನಂಬರ್ ಹಾಕಿ, ಚೀಟಿ ಎತ್ತಿ 20 ಮರಕ್ಕೆ ಮಾತ್ರ ಟಾನಿಕ್ ಹೊಡೆಸುತ್ತೇನೆ. ನಾವೇ ಆರಿಸಿದರೆ ಕೈ ಒಳ್ಳೆ ಮರದ ಕಡೆಗೇ ಹೋಗುತ್ತದೆ, ಅಲ್ವಾ? ಉಳಿದ 20 ಮರವೂ ಸೇರಿ ಮಿಕ್ಕ ತೋಟಕ್ಕೆಲ್ಲ ಬೋರ್ಡೋನೇ ಇರಲಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 40-45 ದಿನ ಬಿಟ್ಟು ಎರಡನೇ ಮದ್ದಿಗೆ ಹತ್ತಿದಾಗ, ಕೊಳೆ ಹಿಡಿದ ಅಡಿಕೆ ಗೊನೆ ಎಷ್ಟು ಅಂತ ಮರ ಹತ್ತುವ ಕೊನೆಗೌಡ ಮೇಲಿಂದಲೇ ಕೂಗಲಿ, ನೀವು ಕೆಳಗೆ ಬರೆದುಕೊಳ್ಳಿ. ಯಾವ ಮರಕ್ಕೆ ಯಾವುದು ಅಂತ ಅವನಿಗೆ ಹೇಳದಿದ್ದರೆ ಒಳ್ಳೆಯದಿತ್ತು, ಆದರೆ ಬೋರ್ಡೋದ ನೀಲಿ ಕಲೆ ಗುಟ್ಟು ಬಿಟ್ಟುಕೊಡುತ್ತದೆ.